ಎದುರಿಗೆ ಯಾರೋ ಇದ್ದಾರೆ

ಒಂದು ನಾಟಕ ಎಷ್ಟು ಕಾಲ ಬದುಕುತ್ತದೆ? ಕಂಪನಿ ಮುಚ್ಚುತ್ತದೆ, ಪರದೆಗಳು ಮಾರಾಟವಾಗುತ್ತವೆ, ಪಾರ್ಟು ಮಾಡಿದವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಾರೆ, ಕಡೆಗೆ ನೋಡಿದವರೂ ಉಳಿಯುವುದಿಲ್ಲ. ಆದರೆ ಆ ನಾಟಕದ ನಾಲ್ಕು ಹಾಡು ಗ್ರಾಮಫೋನ್ ತಟ್ಟೆಯಲ್ಲೋ ಕ್ಯಾಸೆಟ್ಟಿನಲ್ಲೋ ಸೇರಿಕೊಂಡಿದ್ದರೆ ಅವು ಸಾಯುವುದಿಲ್ಲ. ಕಥೆ ಗೊತ್ತಿಲ್ಲದ ಮಕ್ಕಳೂ ಅವನ್ನು ಕೇಳಿ ತಲೆದೂಗುತ್ತಾರೆ. ಅದೇ ಕಾಲದಲ್ಲಿ, ಅದಕ್ಕಿಂತ ಒಳ್ಳೆಯ ಯಂತ್ರದಲ್ಲಿ, ಅದಕ್ಕಿಂತ ಇಂಪಾದ ಕಂಠದಲ್ಲಿ ಮುದ್ರಣವಾದ ಎಷ್ಟೋ ಹಾಡುಗಳು ಮರೆತುಹೋಗಿವೆ. ನಾಟಕದ ಹಾಡಿಗೆ ಮಾತ್ರ ಈ ಆಯುಷ್ಯ ಎಲ್ಲಿಂದ ಬಂತು ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ.

ನಾನು ಹುಮನಾಬಾದಿನವನು. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯೂ ಬೀದರಿನಿಂದ ಕಲಬುರಗಿಗೆ ಬರುವ ರಸ್ತೆಯೂ ಕೂಡುವ ಊರು ನಮ್ಮದು. ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟು ಸ್ವಲ್ಪ ಒಳಗೆ ತಿರುಗಿದರೆ ಬಸವಕಲ್ಯಾಣ. ಈ ಎರಡೂ ಊರುಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಒಂದೇ ಓಣಿಯಲ್ಲಿ ಓಡಾಡುತ್ತವೆ. ಬಟ್ಟೆ ಅಂಗಡಿಯಲ್ಲಿ ಒಂದು ಭಾಷೆ, ಕಿರಾಣಿಯಲ್ಲಿ ಇನ್ನೊಂದು, ಮನೆಯಲ್ಲಿ ಮತ್ತೊಂದು. ಅದಕ್ಕೇ ಇಲ್ಲಿನ ಹಳೆಯ ಮನೆಗಳಲ್ಲಿ ತಟ್ಟೆಗಳ ಪೆಟ್ಟಿಗೆ ತೆರೆದರೆ ಮರಾಠಿ ನಾಟ್ಯಸಂಗೀತ, ಉರ್ದು ಕವ್ವಾಲಿ, ಕನ್ನಡದ ವಚನ, ಕಂಪನಿ ನಾಟಕದ ಪದ ಎಲ್ಲ ಒಂದರ ಬೆನ್ನಿಗೆ ಒಂದು ಒರಗಿಕೊಂಡಿರುತ್ತವೆ.

ಆ ಪೆಟ್ಟಿಗೆಯಿಂದ ಮೊದಲು, ಹೆಣ್ಣುವೇಷ ಕಟ್ಟಿ ಹಾಡುತ್ತಿದ್ದ ಮರಾಠಿ ರಂಗದ ಬಾಲಗಂಧರ್ವರ ತಟ್ಟೆಯನ್ನು ತೆಗೆಯೋಣ. ಮರಾಠಿ ಎಂದು ದೂರ ಇಡಬೇಕಾಗಿಲ್ಲ. ಆ ಸಂಗೀತ ನಾಟಕದ ಬೇರು ನಮ್ಮ ನೆಲದಲ್ಲೇ ಇದೆ. 1843ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ದೇ ಹೊನ್ನಾವರದ ಹತ್ತಿರದ ಕರ್ಕಿಯಿಂದ ಹೋದ ಭಾಗವತರ ಮೇಳದ ಆಟ ಕಂಡ ಮೇಲೆ. ಅದೇ 1843ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. 1880ರಲ್ಲಿ ಪುಣೆಯಲ್ಲಿ ಅವರು ಆಡಿಸಿದ ‘ಸಂಗೀತ ಶಾಕುಂತಲ’, ಎರಡು ವರ್ಷದ ನಂತರದ ‘ಸೌಭದ್ರ’, ಇವುಗಳಿಂದಲೇ ಮರಾಠಿಯಲ್ಲಿ ಹಾಡಿನ ನಾಟಕದ ಯುಗ ಶುರುವಾಯಿತು. ಚಿಕ್ಕಂದಿನಿಂದ ಕಿವಿಗೆ ಬಿದ್ದಿದ್ದ ಕನ್ನಡದ ಧಾಟಿಗಳನ್ನು ಅವರು ಆ ಪದಗಳಿಗೆ ಧಾರಾಳವಾಗಿ ಬಳಸಿಕೊಂಡರು. ಮುಂದೆ ‘ಸ್ವಯಂವರ’ ನಾಟಕಕ್ಕೆ ಧಾಟಿ ಕೂಡಿಸಿದ ಭಾಸ್ಕರಬುವಾ ಬಖಲೆ ಧಾರವಾಡದಲ್ಲಿ ಸಂಗೀತದ ಮೇಷ್ಟ್ರಾಗಿದ್ದವರು. ಹೀಗೆ ಆ ತಟ್ಟೆ ನಮ್ಮ ಮನೆಗಳಿಗೆ ಬಂದಾಗ, ಹೊರಗೆ ಹೋದ ಮಗಳು ತವರಿಗೆ ಬಂದ ಹಾಗೆ ಬಂತು.

ಈಗ ಆ ತಟ್ಟೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹತ್ತು ಇಂಚಿನ ಅಗಲ, ಅರಗಿನ ಮೈ, ಕೈ ಜಾರಿದರೆ ಚೂರು. ನಿಮಿಷಕ್ಕೆ 78 ಸುತ್ತು. ಒಂದು ಬದಿಗೆ ಹಿಡಿಯುತ್ತಿದ್ದುದು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ. ರಂಗದ ಮೇಲೆ ಅದೇ ಪದಕ್ಕೆ ವನ್ಸ್ ಮೋರ್ ಮೇಲೆ ವನ್ಸ್ ಮೋರ್ ಬಿದ್ದು ಅದು ಎಷ್ಟೋ ಹೊತ್ತು ನಡೆಯುತ್ತಿತ್ತು. ಸಾರಂಗಿಗೆ ಕಾದರಬಕ್ಷ್, ತಬಲಾಕ್ಕೆ ಅಹಮದ್‌ಜಾನ್ ತಿರಕವಾ ಅಂಥವರು ಇದ್ದ ಗಂಧರ್ವ ನಾಟಕ ಮಂಡಳಿಯಲ್ಲಿ ಹಾಡು ಬೆಳೆಯಲು ಅಡ್ಡಿಯೇನಿತ್ತು? ಆದರೆ ಧ್ವನಿಮುದ್ರಣದ ಕೋಣೆಯಲ್ಲಿ ಗಡಿಯಾರ ಕಾಯುತ್ತಿರುತ್ತದೆ. ಅಲ್ಲಿ ಬಾಲಗಂಧರ್ವರು ಏನು ಬಿಟ್ಟರು, ಏನು ಉಳಿಸಿಕೊಂಡರು ಎಂಬುದನ್ನು ಕಿವಿಗೊಟ್ಟು ಕೇಳಬೇಕು. ತಾನುಗಳ ವಿಸ್ತಾರ ಕಡಿಮೆಯಾಗಿದೆ. ಆಲಾಪವೆಂಬುದು ಎಷ್ಟೋ ಕಡೆ ಒಂದು ಉಸಿರಿನಷ್ಟೇ ಇದೆ. ಆದರೆ ಮಾತಿನ ಕೊನೆಯಲ್ಲಿ ಬರುವ ಆ ಸಣ್ಣ ಹೊರಳು, ಹೆಣ್ಣೊಬ್ಬಳು ಎದುರಿನವನ ಮುಖ ನೋಡದೆ, ನೆಲ ನೋಡುತ್ತ ಮಾತು ಮುಗಿಸುವಾಗಿನ ಆ ಇಳಿತ, ಅದನ್ನು ಅವರು ಬಿಟ್ಟುಕೊಡಲಿಲ್ಲ. ಸಮಯ ಸಾಲದಾದಾಗ ಗಾಯಕನನ್ನು ಹಿಂದಕ್ಕೆ ಸರಿಸಿ ಪಾತ್ರವನ್ನು ಉಳಿಸಿದರು. ಗಂಡಸೊಬ್ಬ ‘ಸ್ವಯಂವರ’ದ ರುಕ್ಮಿಣಿಯಾಗಿ ಹಾಡುತ್ತಿದ್ದಾನೆ ಎಂಬುದು ಎರಡನೆಯ ಸಾಲಿಗೇ ಮರೆತುಹೋಗುತ್ತದೆ. ಅವಳ ಎದುರಿಗೆ ಯಾರೋ ಇದ್ದಾರೆ ಎಂಬುದು ಮಾತ್ರ ಗೊತ್ತಾಗುತ್ತಿರುತ್ತದೆ.

ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಎಂದು ನನಗನಿಸುತ್ತದೆ. ಕಛೇರಿಯ ಹಾಡು ಎಲ್ಲರಿಗೂ ಹಾಡಿದ್ದು. ನಾಟಕದ ಹಾಡು ಒಬ್ಬರಿಗೆ ಹಾಡಿದ್ದು. ಗಂಡನಿಗೆ, ಸವತಿಗೆ, ಮುನಿಸಿಕೊಂಡ ಮಗನಿಗೆ, ಸಾಲಗಾರನಿಗೆ, ದೇವರಿಗೆ, ಇಲ್ಲವೇ ತನಗೇ. ತಟ್ಟೆಯಲ್ಲಿ ಆ ಇನ್ನೊಬ್ಬರು ಕಾಣುವುದಿಲ್ಲ, ಮಾತಾಡುವುದಿಲ್ಲ. ಅವರ ಜಾಗ ಖಾಲಿ ಇರುತ್ತದೆ. ಕೇಳುವ ನಾವು ಹೋಗಿ ಆ ಜಾಗದಲ್ಲಿ ಕೂರುತ್ತೇವೆ. ನೂರು ವರ್ಷದ ಹಿಂದಿನ ಹಾಡು ಇವತ್ತು ನನ್ನನ್ನೇ ಕುರಿತು ಹೇಳಿದಂತೆ ಕೇಳಿಸುವುದು ಹೀಗೆ.

ಬಾಲಗಂಧರ್ವರ ಮಾತು ಬಂದಾಗ ಗೋಹರಬಾಯಿ ಕರ್ನಾಟಕಿಯನ್ನು ಬಿಡಬಾರದು. ವಿಜಾಪುರ ಸೀಮೆಯ ಬೀಳಗಿಯ ಹೆಣ್ಣುಮಗಳು. ಹಾಡು ಕಲಿತದ್ದು ನಮ್ಮ ಕಡೆ, ಹೆಸರು ಮಾಡಿದ್ದು ಮುಂಬಯಿಯಲ್ಲಿ. ಬಾಲಗಂಧರ್ವರ ಮಂಡಳಿ ಸೇರಿ, ಅವರು ಕಟ್ಟುತ್ತಿದ್ದ ಹೆಣ್ಣುವೇಷಗಳಿಗೆ ತಾನು ದನಿಯಾದಳು. ತಂಗಿ ಅಮೀರಬಾಯಿ ಸಿನಿಮಾದ ದೊಡ್ಡ ಗಾಯಕಿಯಾದಳು. ರಹಮತ್ ತರೀಕೆರೆಯವರು ಅವಳ ಬದುಕಿನ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಗೋಹರಬಾಯಿಯ ಕಂಠ ಬಾಲಗಂಧರ್ವರ ಗಾಯನಕ್ಕೆ ಎಷ್ಟು ಹತ್ತಿರವೆಂದರೆ, ತಟ್ಟೆಯ ಹೆಸರು ನೋಡದೆ ಹಾಕಿದರೆ ಪಳಗಿದ ಕಿವಿಯೂ ಒಂದು ಗಳಿಗೆ ತಡವರಿಸುತ್ತದೆ. ಹೆಣ್ಣಿನಂತೆ ಹಾಡಿದ ಗಂಡು, ಆ ಗಂಡಿನ ಹಾಡನ್ನು ಹಾಡಿದ ಹೆಣ್ಣು, ಇಬ್ಬರೂ ತಟ್ಟೆಯಲ್ಲಿ ಅಕ್ಕಪಕ್ಕ ಉಳಿದಿದ್ದಾರೆ. ರಂಗಭೂಮಿಯ ಚರಿತ್ರೆಯ ಒಂದು ದೊಡ್ಡ ತಿರುವನ್ನು ಬರೀ ಕಿವಿಯಿಂದಲೇ ತಿಳಿಯಬಹುದಾದ ಇಂಥ ಸಂದರ್ಭ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ನಾಟಕ ಹೀಗೆ ತಟ್ಟೆಯಲ್ಲಿ ಉಳಿಯುವುದು ನಮ್ಮ ಸೀಮೆಯ ಮಾತಷ್ಟೇ ಅಲ್ಲ. ಲಂಡನ್ನಿನಲ್ಲಿ 1960ರ ಜೂನ್ 30ರಂದು ‘ಆಲಿವರ್!’ ಎಂಬ ಹಾಡಿನ ನಾಟಕ ಮೊದಲ ಸಲ ರಂಗಕ್ಕೆ ಬಂತು. ಡಿಕನ್ಸನ ‘ಆಲಿವರ್ ಟ್ವಿಸ್ಟ್’ ಕಾದಂಬರಿಯ ಕಥೆ. ಹಾಡು, ಮಾತು, ಧಾಟಿ ಎಲ್ಲ ಲಯನಲ್ ಬಾರ್ಟ್ ಎಂಬುವನದು. ಅವನಿಗೆ ಸ್ವರಲಿಪಿ ಓದಲೂ ಬರೆಯಲೂ ಬರುತ್ತಿರಲಿಲ್ಲ. ಬಾಯಲ್ಲಿ ಗುನುಗುತ್ತಿದ್ದ, ಬೇರೆಯವರು ಬರೆದುಕೊಳ್ಳುತ್ತಿದ್ದರು. ನಮ್ಮ ಕಂಪನಿಗಳ ಹಾರ್ಮೋನಿಯಂ ಪೆಟ್ಟಿಗೆಯ ಮಾಸ್ತರರನ್ನು ಬಲ್ಲವರಿಗೆ ಇದು ಹೊಸದೇನೂ ಅಲ್ಲ. ಆ ನಾಟಕ ಅಲ್ಲಿ 2,618 ಪ್ರಯೋಗ ಕಂಡಿತು. ರಂಗದ ಮೇಲೆ ಹಾಡಿದ ನಟರನ್ನೇ ಸ್ಟುಡಿಯೋಕ್ಕೆ ಕರೆಸಿ ಡೆಕ್ಕಾ ಕಂಪನಿ ಲಾಂಗ್ ಪ್ಲೇ ತಟ್ಟೆ ಹೊರತಂದಿತು. 1968ರಲ್ಲಿ ಅದೇ ನಾಟಕ ಸಿನಿಮಾ ಆಗಿ ಆಸ್ಕರ್ ಪಡೆಯಿತು. ಫೇಗಿನ್ ಪಾತ್ರದ ರಾನ್ ಮೂಡಿ ಅಲ್ಲೂ ಇದ್ದ. ನ್ಯಾನ್ಸಿಯಾಗಿದ್ದ ಜಾರ್ಜಿಯಾ ಬ್ರೌನ್ ಮಾತ್ರ ಇರಲಿಲ್ಲ, ಆ ಪಾತ್ರ ಇನ್ನೊಬ್ಬಳಿಗೆ ಹೋಯಿತು. ಸಿನಿಮಾ ಒಂದನ್ನೇ ನೋಡಿದವರಿಗೆ ಜಾರ್ಜಿಯಾ ಬ್ರೌನಳ ನ್ಯಾನ್ಸಿ ಗೊತ್ತೇ ಇಲ್ಲ. ಅವಳು ಉಳಿದಿರುವುದು ತಟ್ಟೆಯಲ್ಲಿ.

ತನ್ನನ್ನು ಹೊಡೆಯುವ ಬಿಲ್ ಸೈಕ್ಸ್‌ನನ್ನು ಬಿಟ್ಟುಹೋಗಲಾರದ ನ್ಯಾನ್ಸಿ ಹಾಡುವ ಒಂದು ಹಾಡಿದೆ. ನಾಟಕ ರಂಗಕ್ಕೆ ಬಂದ ವರ್ಷವೇ ಶರ್ಲಿ ಬ್ಯಾಸಿ ಎಂಬ ಹೆಸರಾಂತ ಗಾಯಕಿ ಅದನ್ನು ಬೇರೆಯಾಗಿ ಹಾಡಿ ತಟ್ಟೆ ಮಾಡಿದಳು, ಅದಕ್ಕೆ ಬಹಳ ಬೇಡಿಕೆ ಬಂತು. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಬ್ಯಾಸಿಯ ಕಂಠ ಭವ್ಯವಾದದ್ದು, ಎರಡು ಮಾತಿಲ್ಲ. ಆದರೆ ಅಲ್ಲಿ ಕೇಳಿಸುವುದು ಒಂದು ಪ್ರೇಮಗೀತೆ. ಜಾರ್ಜಿಯಾ ಬ್ರೌನ್ ಲಂಡನ್ನಿನ ಪೂರ್ವದ ಬಡ ಕೇರಿಗಳಲ್ಲಿ ಹುಟ್ಟಿದವಳು. ಅವಳ ದನಿಯಲ್ಲಿ ಸ್ವಲ್ಪ ಒರಟಿದೆ, ಉಚ್ಚಾರದಲ್ಲಿ ಕೇರಿಯ ಮಣ್ಣಿದೆ. ಅವಳು ಹಾಡುವಾಗ, ತಾನು ಹೋಗುತ್ತಿರುವುದು ಕೆಟ್ಟ ದಾರಿ ಎಂದು ಗೊತ್ತಿದ್ದೂ ಒಬ್ಬ ಹೆಣ್ಣುಮಗಳು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿರುವುದು ಕೇಳಿಸುತ್ತದೆ. ನಾನು ಮತ್ತೆ ಮತ್ತೆ ಹೋಗುವುದು ಎರಡನೆಯದಕ್ಕೆ. ಇಂಗ್ಲಿಷ್ ಅಷ್ಟಾಗಿ ಬಾರದವರೂ ಅದನ್ನು ಕೇಳಿ ಸುಮ್ಮನಾದದ್ದನ್ನು ನಾನು ಕಂಡಿದ್ದೇನೆ.

ಇನ್ನು ಬಸವಕಲ್ಯಾಣಕ್ಕೆ ಬರೋಣ. ಹಾಡು ಯಾರಿಗೆ, ಯಾವಾಗ ಎಂಬ ಮಾತನ್ನು ಎತ್ತಲು ಅದಕ್ಕಿಂತ ತಕ್ಕ ಊರು ಇನ್ನೊಂದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ ಬರೆದ. ಅಡುಗೆಯಿಂದ ಆನೆ ಪಳಗಿಸುವವರೆಗೆ ನೂರು ವಿಷಯಗಳ ಆ ಗ್ರಂಥದಲ್ಲಿ ಸಂಗೀತಕ್ಕೂ ದೊಡ್ಡ ಜಾಗವಿದೆ. ಅಲ್ಲಿ ಅವನು ಹಾಡುಗಳ ಲಕ್ಷಣ ಹೇಳಿ ಸುಮ್ಮನಾಗುವುದಿಲ್ಲ. ತ್ರಿಪದಿ ಕುಟ್ಟುವಾಗ ಹಾಡುವುದು, ಷಟ್ಪದಿ ಕಥೆ ಹೇಳುವಾಗ, ಧವಳ ಮದುವೆಯಲ್ಲಿ, ಓವಿ ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ, ಚರ್ಯಾ ಯೋಗಿಗಳದು, ಹೀಗೆ ಒಂದೊಂದಕ್ಕೂ ಅದರ ಹೊತ್ತು, ಅದರ ಜನ ಗೊತ್ತುಮಾಡುತ್ತಾನೆ. ಕೋಟೆಯೊಳಗೆ ಕೂತ ದೊರೆಗೆ ಒನಕೆಯ ಸದ್ದಿನ ಜೊತೆ ಬರುವ ಹಾಡು ಕೇಳಿಸಿತ್ತು, ಅದಕ್ಕೆ ಗ್ರಂಥದಲ್ಲಿ ಜಾಗ ಕೊಡಬೇಕೆನಿಸಿತ್ತು. ನನಗೆ ಇದು ಬಹಳ ದೊಡ್ಡದಾಗಿ ಕಾಣುತ್ತದೆ. ಅವನ ಮಗ ಜಗದೇಕಮಲ್ಲ ‘ಸಂಗೀತಚೂಡಾಮಣಿ’ಯನ್ನೇ ಬರೆದ.

ಅದಾಗಿ ಕೆಲವೇ ದಶಕಗಳಲ್ಲಿ ಅದೇ ಊರಿನಲ್ಲಿ ಬಿಜ್ಜಳನ ಆಳ್ವಿಕೆ, ಬಸವಣ್ಣ, ಅಲ್ಲಮ, ಅಕ್ಕ, ಅನುಭವ ಮಂಟಪ. ವಚನ ಹುಟ್ಟಿದ್ದು ಮಾತಾಗಿ. ಹೆಚ್ಚಿನ ವಚನಗಳು ಕೊನೆಗೆ ಒಬ್ಬರನ್ನು ಕರೆದೇ ಮುಗಿಯುತ್ತವೆ. ಬಸವಣ್ಣನಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ. ಅಂಕಿತವೆಂದರೆ ಬರೀ ಸಹಿಯಲ್ಲ, ಎದುರಿಗೆ ಕೂರಿಸಿಕೊಂಡ ಕೇಳುಗ. ಹೀಗಾಗಿ ವಚನಕ್ಕೆ ನಾಟಕದ ಗುಣ ಹುಟ್ಟಿನಿಂದಲೇ ಬಂದಿದೆ. ಕಲ್ಯಾಣದ ಕಥೆ ನಮ್ಮ ನಾಟಕಕಾರರನ್ನು ಮತ್ತೆ ಮತ್ತೆ ಕರೆದದ್ದೂ ಇದಕ್ಕೇ ಇರಬೇಕು. ಲಂಕೇಶರ ‘ಸಂಕ್ರಾಂತಿ’, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’, 1990ರಲ್ಲಿ ಗಿರೀಶ ಕಾರ್ನಾಡರ ‘ತಲೆದಂಡ’ ಎಲ್ಲ ಬಂದವು. ಆದರೆ ಇವೆಲ್ಲ ಬರುವ ಎಷ್ಟೋ ಮೊದಲೇ, ನಮ್ಮ ಹಳ್ಳಿಗಳ ಜನ ಬಸವಣ್ಣನನ್ನು ಕಣ್ಣಾರೆ ಕಂಡದ್ದು ಕಂಪನಿ ನಾಟಕದಲ್ಲಿ.

ಏಣಗಿ ಬಾಳಪ್ಪನವರ ‘ಜಗಜ್ಯೋತಿ ಬಸವೇಶ್ವರ’. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಹೆಣ್ಣುವೇಷದಿಂದ ಶುರುಮಾಡಿ, ತಮ್ಮದೇ ಕಲಾವೈಭವ ನಾಟ್ಯ ಸಂಘ ಕಟ್ಟಿ, ಬಸವಣ್ಣನ ಪಾತ್ರದಲ್ಲಿ ಮನೆಮಾತಾದರು. 2017ರಲ್ಲಿ ತೀರಿಕೊಂಡಾಗ ನೂರು ದಾಟಿತ್ತು. ಮುಪ್ಪಿನಲ್ಲೂ ವೇದಿಕೆಗೆ ಬಂದು ರಂಗಗೀತೆ, ವಚನ ಹಾಡುತ್ತಿದ್ದರು. ಆ ದನಿಮುದ್ರಣಗಳನ್ನು ಕೇಳಿ. ಶ್ರುತಿ ಅಲ್ಲಲ್ಲಿ ಅಲುಗುತ್ತದೆ, ಉಸಿರು ಸಾಲುವುದಿಲ್ಲ. ಆದರೆ ಒಂದೊಂದು ಅಕ್ಷರವೂ ಕಡೆಯ ಸಾಲಿನ ಚಾಪೆಯ ಮೇಲೆ ಕೂತವನಿಗೆ ಮುಟ್ಟಬೇಕು ಎಂಬ ಹಟ ಹಾಗೇ ಇದೆ. ಮೈಕು ಬರುವ ಮೊದಲಿನ ರಂಗದಲ್ಲಿ ತಯಾರಾದ ಗಂಟಲು ಅದು. ಅವರು ವಚನ ಹಾಡುವಾಗ ಬಿಜ್ಜಳ ಎಲ್ಲಿ ನಿಂತಿದ್ದಾನೆ, ಶರಣರು ಯಾವ ಕಡೆ ಕೂತಿದ್ದಾರೆ ಎಂಬುದು ದನಿಯ ತಿರುವಿನಿಂದಲೇ ಹೊಳೆಯುತ್ತದೆ.

ವಚನ ಗಾಯನದ ಮಾತು ಬಂತು, ಮಲ್ಲಿಕಾರ್ಜುನ ಮನ್ಸೂರರನ್ನು ನೆನೆಯದಿದ್ದರೆ ಹೇಗೆ? ಲೋಕಕ್ಕೆ ಅವರು ಜೈಪುರ ಘರಾಣೆಯ ದೊಡ್ಡ ಖಯಾಲ್ ಗಾಯಕರು. ಆದರೆ ಚಿಕ್ಕ ಹುಡುಗನಾಗಿ ಅವರು ಸೇರಿದ್ದು ವಾಮನರಾವ್ ಮಾಸ್ತರರ ನಾಟಕ ಕಂಪನಿಯನ್ನು. ಅಣ್ಣ ಬಸವರಾಜ ಮನ್ಸೂರರೂ ಅಲ್ಲಿದ್ದರು. ಮೀರಜಿನ ನೀಲಕಂಠಬುವಾ ಆ ಹುಡುಗನನ್ನು ಕೇಳಿ ಶಿಷ್ಯನಾಗಿ ಕರೆದುಕೊಂಡದ್ದು ರಂಗದ ಮೇಲಿನ ಹಾಡಿನಿಂದಲೇ. ‘ನನ್ನ ರಸಯಾತ್ರೆ’ಯಲ್ಲಿ ಅವರು ಆ ದಿನಗಳನ್ನು ನೆನೆದುಕೊಂಡಿದ್ದಾರೆ. ಅವರ ವಚನಗಳ ತಟ್ಟೆ, ಕ್ಯಾಸೆಟ್ಟುಗಳು ಇವತ್ತಿಗೂ ಬಸವಕಲ್ಯಾಣದ ಮನೆಗಳಲ್ಲಿ ಬೆಳಗಿನ ಹೊತ್ತು ಕೇಳಿಬರುತ್ತವೆ. ರಾಗ ಎಷ್ಟೇ ಏರಲಿ, ಅಕ್ಕನ ಮಾತು ಅಕ್ಕನ ಬಾಯಿಂದಲೇ ಬಂದಂತೆ ಉಳಿಯುತ್ತದೆ. ಖಯಾಲಿನ ಕೆಳಗೆ ಆ ಕಂಪನಿಯ ಹುಡುಗ ಇನ್ನೂ ಪಾರ್ಟು ಹೇಳುತ್ತಿದ್ದಾನೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಹುಮನಾಬಾದಿನ ಕಡೆಯಿಂದ ಮಾಣಿಕನಗರದ ಮಾತನ್ನೂ ಹೇಳಬೇಕು. 1817ರಲ್ಲಿ ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ, 1865ರಲ್ಲಿ ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದೂಸ್ತಾನಿ ಎಲ್ಲದರಲ್ಲೂ ಪದ ಕಟ್ಟಿದವರು. ದತ್ತ ಜಯಂತಿಯ ಹೊತ್ತಿಗೆ ಅಲ್ಲಿ ನಡೆಯುವ ದರಬಾರಿನಲ್ಲಿ ಹಿಂದೂಸ್ತಾನಿಯ ದೊಡ್ಡ ದೊಡ್ಡ ಗಾಯಕರು ಹಾಡಿ ಹೋಗಿದ್ದಾರೆ. ಅಲ್ಲಿ ಕಲಾವಿದ ಹಾಡುವುದು ಪ್ರಭುವಿನ ಗಾದಿಯ ಎದುರಿಗೆ. ಚಳಿಯಲ್ಲಿ ಕಂಬಳಿ ಹೊದ್ದು ಕೂತ ಊರಿನ ಜನ ಅದನ್ನು ಪಕ್ಕದಿಂದ ಕೇಳಿಸಿಕೊಳ್ಳುವವರು. ನಾಟಕದ ಪ್ರೇಕ್ಷಕರೂ ಹಾಗೇ ತಾನೇ? ಒಬ್ಬರು ಇನ್ನೊಬ್ಬರಿಗೆ ಹಾಡಿದ್ದನ್ನು ಪಕ್ಕದಿಂದ ಕೇಳಿಸಿಕೊಂಡವರು. ನಮ್ಮ ಊರಿನವರ ಕಿವಿ ಹೀಗೆ ಕೇಳಲು ಬಹಳ ಹಿಂದೆಯೇ ಪಳಗಿದೆ.

ಆಮೇಲೆ ಕ್ಯಾಸೆಟ್ ಕಾಲ ಬಂತು. ತಟ್ಟೆ ಇದ್ದದ್ದು ಉಳ್ಳವರ ಮನೆಯಲ್ಲಿ, ಕ್ಯಾಸೆಟ್ಟು ಎಲ್ಲರ ಕೈಗೆ ಬಂತು. ‘ಶ್ರೀಕೃಷ್ಣ ಪಾರಿಜಾತ’, ‘ಸಂಗ್ಯಾ ಬಾಳ್ಯಾ’ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಸ್‌ಸ್ಟ್ಯಾಂಡಿನ ಅಂಗಡಿಗೆ ಬಂದವು, ಟ್ರ್ಯಾಕ್ಟರಿನ ಟೇಪಿಗೆ ಏರಿದವು, ಹೊಲದ ಬದುವಿನಲ್ಲಿ ಕೇಳಿಸಿದವು. ಅವುಗಳಲ್ಲಿ ನನಗೆ ಇಷ್ಟವಾದದ್ದು ಒಂದು ಸಂಗತಿ: ಹಾಡನ್ನಷ್ಟೇ ಕತ್ತರಿಸಿ ಹಾಕದೆ, ಹಾಡಿಗೆ ಮೊದಲಿನ ಎರಡು ಮಾತು, ಭಾಗವತನ ಪ್ರಶ್ನೆ, ದೂತಿಯ ಜವಾಬು ಎಲ್ಲ ಸೇರಿಸಿ ಮುದ್ರಿಸಿದ್ದು. ಪಾರಿಜಾತದ ಸತ್ಯಭಾಮೆ ಏಕೆ ಮುನಿಸಿಕೊಂಡಳು ಎಂದು ಗೊತ್ತಾದ ಮೇಲೆ ಬರುವ ಹಾಡಿಗೂ ಸುಮ್ಮನೆ ಬರುವ ಹಾಡಿಗೂ ಅಜಗಜಾಂತರ. ಇವತ್ತು ಮೊಬೈಲಿಗೆ ಬರುವ ರಂಗಗೀತೆಗಳಲ್ಲಿ ಆ ಮಾತುಗಳನ್ನು ತೆಗೆದುಹಾಕಿ, ಹಿಂದೆ ಕೀಬೋರ್ಡು, ಪ್ಯಾಡು ತುಂಬಿ, ಹಾಡನ್ನು ನುಣುಪು ಮಾಡುತ್ತಿದ್ದಾರೆ. ನನಗೆ ಇದು ಸಂಕಟದ ವಿಷಯ. ಹಾರ್ಮೋನಿಯಂ, ತಬಲಾ ಎರಡೇ ಸಾಕು. ಮಾತು ಇರಲಿ, ನಟನ ಉಸಿರು ಕೇಳಿಸಲಿ, ಜನರ ವನ್ಸ್ ಮೋರ್ ಕೂಗೂ ಇದ್ದರೆ ಇನ್ನೂ ಒಳ್ಳೆಯದು.

ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ, ಆಳಂದ ಕಡೆಯ ಕೇಳುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅಟ್ಟದಲ್ಲಿ ಹಳೆಯ ಅರಗಿನ ತಟ್ಟೆಗಳಿದ್ದರೆ ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನಿಲ್ಲಿಸಿ ಇಡಿ. ಒರೆಸಲು ಸ್ಪಿರಿಟ್ಟು ಮುಟ್ಟಿಸಲೇಬೇಡಿ, ಅರಗು ಕರಗಿಹೋಗುತ್ತದೆ. ಮೆತ್ತನೆಯ ಒದ್ದೆ ಬಟ್ಟೆ ಸಾಕು, ನಡುವಿನ ಕಾಗದಕ್ಕೆ ನೀರು ತಾಗದಂತೆ ನೋಡಿಕೊಳ್ಳಿ. ಹಳೆಯ ಫೋನೋದಲ್ಲಿ ಹಾಕುವುದಾದರೆ ಪ್ರತಿ ಬದಿಗೂ ಹೊಸ ಮುಳ್ಳು ಹಾಕಿ, ಸವೆದ ಉಕ್ಕಿನ ಮುಳ್ಳು ಹಾಡನ್ನೇ ಕೆರೆದು ತೆಗೆಯುತ್ತದೆ. ಇನ್ನು ನಿಮ್ಮ ಊರಿನಲ್ಲಿ ಕಂಪನಿಯಲ್ಲೋ ಹಳ್ಳಿಯ ನಾಟಕದಲ್ಲೋ ಪಾರ್ಟು ಮಾಡಿದ ಹಿರಿಯರು ಇದ್ದರೆ, ಈ ವಾರವೇ ಅವರ ಹತ್ತಿರ ಹೋಗಿ ಕೂರಿ. ಮೊಬೈಲ್ ತೆಗೆದು ಪಕ್ಕದಲ್ಲಿಡಿ, ಫ್ಯಾನು ಬಂದ್ ಮಾಡಿ. ಹಾಡಲು ಶುರುಮಾಡುವ ಮೊದಲು, ‘ಕಾಕಾ, ಈ ಪದ ಯಾರಿಗೆ ಹಾಡೋದು? ಅವರು ಎಲ್ಲಿ ನಿಂತಿರ್ತಿದ್ರು? ಇದಕ್ಕಿಂತ ಮೊದಲು ಏನು ಮಾತಾಗಿತ್ತು?’ ಎಂದು ಕೇಳಿ. ಅವರು ಹೇಳುವ ಜವಾಬನ್ನೂ ಹಾಡಿನ ಜೊತೆಗೇ ಮುದ್ರಿಸಿಕೊಳ್ಳಿ. ನಾಟಕದ ಹೆಸರು, ಊರು, ಪೆಟ್ಟಿಗೆ ಬಾರಿಸಿದವರ ಹೆಸರು ಅವರ ಬಾಯಿಂದಲೇ ಹೇಳಿಸಿ.